ಲೋಡ್ ಸೆಲ್: ಬಾಗುವ ಲೋಹದ ಲೆಕ್ಕ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ‘ಲೋಡ್ ಸೆಲ್ ಇದೆಯಾ?’ ಎಂದು ಕೇಳಿ ನೋಡಿ. ಅಂಗಡಿಯವರು ಬೆಲೆ ಹೇಳುವುದಿಲ್ಲ, ‘ಎಷ್ಟು ಕೆಜಿದು ಸರ್?’ ಎಂದು ತಿರುಗಿ ಕೇಳುತ್ತಾರೆ. ಐದು ಕೆ.ಜಿ. ಎಂದರೆ ಬೆರಳುದ್ದದ ಅಲ್ಯೂಮಿನಿಯಂ ತುಂಡೊಂದು ಕೈಗೆ ಬರುತ್ತದೆ. ನಡುವೆ ಒಂದಕ್ಕೊಂದು ಕೂಡಿಕೊಂಡ ಎರಡು ದುಂಡು ತೂತು, ಮೇಲೆ ಮೆತ್ತಿದ ಬಿಳಿ ಗೋಂದು, ಪಕ್ಕದಿಂದ ಹೊರಬಂದ ನಾಲ್ಕು ಬಣ್ಣದ ತೆಳು ತಂತಿಗಳು. ಚಲಿಸುವ ಭಾಗ ಒಂದೂ ಇಲ್ಲ. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆಂದು ಕೊಂಡೊಯ್ಯುವ ಈ ತುಂಡಿಗೂ, ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಲಾರಿಯನ್ನು ಹೊತ್ತು ಕೂತ ದಪ್ಪ ಉಕ್ಕಿನ ಕಂಬಕ್ಕೂ ಹೆಸರು ಒಂದೇ. ಎರಡೂ ಲೋಡ್ ಸೆಲ್‌ಗಳೇ.

ಈ ಹೆಸರಿನಲ್ಲಿ ಒಂದು ತೊಡಕಿದೆ. ಸೆಲ್ ಎಂದರೆ ನಮ್ಮ ಕಡೆ ಟಾರ್ಚಿಗೆ, ಗೋಡೆ ಗಡಿಯಾರಕ್ಕೆ ಹಾಕುವಂಥದ್ದು. ‘ನಿಮ್ಮ ತೂಕದ ಮಶೀನಿನ ಸೆಲ್ ಹೋಗಿದೆ’ ಎಂದು ರಿಪೇರಿಯವರು ಹೇಳಿದಾಗ, ಅದೇನು ಇಪ್ಪತ್ತು ರೂಪಾಯಿಯ ಮಾತು ಎಂದು ಸಮಾಧಾನಪಟ್ಟುಕೊಳ್ಳುವ ಅಂಗಡಿಯವರಿದ್ದಾರೆ. ಬಿಲ್ಲು ಬಂದ ಮೇಲೆ ಗೊತ್ತಾಗುತ್ತದೆ. ಟಾರ್ಚಿನ ಸೆಲ್ ವಿದ್ಯುತ್ತನ್ನು ಕೊಡುತ್ತದೆ. ಲೋಡ್ ಸೆಲ್‌ಗೆ ನಾವೇ ವಿದ್ಯುತ್ ಕೊಡಬೇಕು. ಕೊಟ್ಟದ್ದರಲ್ಲಿ ಸಾವಿರ ಪಾಲಿನಲ್ಲಿ ಒಂದೆರಡು ಪಾಲನ್ನು ಅದು ಹಿಂದಿರುಗಿಸುತ್ತದೆ. ಆ ಒಂದೆರಡು ಪಾಲೇ ತೂಕದ ಸುದ್ದಿ.

ಸೆಲ್ ಎಂಬ ಮಾತಿಗೆ ಮುಚ್ಚಿದ ಕೋಣೆ ಎಂಬ ಅರ್ಥವೂ ಇದೆ. ಹೈಡ್ರಾಲಿಕ್ ಲೋಡ್ ಸೆಲ್ ಎಂಬ ಇನ್ನೊಂದು ಬಗೆಗೆ ಈ ಅರ್ಥ ಸರಿಯಾಗಿ ಹೊಂದುತ್ತದೆ. ಎಣ್ಣೆ ತುಂಬಿದ ಮುಚ್ಚಿದ ಡಬ್ಬಿಯ ಮೇಲೆ ಭಾರ ಬೀಳುತ್ತದೆ, ಎಣ್ಣೆಯ ಒತ್ತಡ ಏರುತ್ತದೆ, ಆ ಒತ್ತಡವನ್ನು ಮುಳ್ಳಿನ ಮೀಟರ್ ತೋರಿಸುತ್ತದೆ. ಕರೆಂಟ್ ಬೇಡದ ಕಡೆ ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಈಗ ಯಾರಾದರೂ ಬರೇ ಲೋಡ್ ಸೆಲ್ ಎಂದರೆ ನೂರಕ್ಕೆ ತೊಂಬತ್ತು ಸಲ ಹೇಳುತ್ತಿರುವುದು ಇನ್ನೊಂದರ ಬಗ್ಗೆ: ಭಾರಕ್ಕೆ ಬಾಗುವ ಲೋಹ, ಆ ಬಾಗನ್ನು ಅಳೆಯಲು ಅದರ ಮೈಗೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ಹಾಳೆ, ಇವೆರಡೂ ಸೇರಿದ ಒಂದು ಘಟಕ. ಸ್ಟ್ರೇನ್ ಗೇಜನ್ನೇ ಲೋಡ್ ಸೆಲ್ ಎನ್ನುವುದೂ ಲೋಡ್ ಸೆಲ್ಲನ್ನೇ ತೂಕದ ಯಂತ್ರ ಎನ್ನುವುದೂ ರೂಢಿಯಲ್ಲಿದೆ. ಎರಡೂ ತಪ್ಪು. ಗೇಜ್ ಅಂಟಿಸುವ ವಸ್ತು, ಸೆಲ್ ಅಂಟಿಸಿಕೊಂಡ ಲೋಹ. ಸೆಲ್ಲಿನಿಂದ ಬಂದ ವೋಲ್ಟೇಜನ್ನು ಕಿಲೋಗ್ರಾಂ ಮಾಡಿ ಕೆಂಪು ಅಂಕಿಯಲ್ಲಿ ತೋರಿಸುವ ಪೆಟ್ಟಿಗೆ ಬೇರೆಯದೇ. ಅದನ್ನು ಇಂಡಿಕೇಟರ್ ಎನ್ನುತ್ತಾರೆ. ಈ ಮೂರನ್ನೂ ಬೇರೆಬೇರೆಯಾಗಿ ಕಾಣಲು ಕಲಿತರೆ, ತೂಕದ ಜಗಳಗಳಲ್ಲಿ ಯಾರ ಮೇಲೆ ಅನುಮಾನಪಡಬೇಕು ಎಂಬುದು ತಾನಾಗಿ ತಿಳಿಯಾಗುತ್ತದೆ.

ಬಾಗು ಎಂದೆನಲ್ಲ, ಅದು ಕಣ್ಣಿಗೆ ಕಾಣುವಂಥದ್ದಲ್ಲ. ಪೂರ್ತಿ ಭಾರ ಹೇರಿದಾಗ ಗೇಜ್ ಅಂಟಿಸಿದ ಜಾಗದಲ್ಲಿ ಲೋಹ ಹಿಗ್ಗುವುದು ಸುಮಾರು ಸಾವಿರದಲ್ಲಿ ಒಂದು ಪಾಲು. 5 ಮಿಲಿಮೀಟರ್ ಉದ್ದದ ಗೇಜಾದರೆ 5 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಅದರ ಹತ್ತು ಪಟ್ಟಿಗೂ ಹೆಚ್ಚು. ಗೇಜಿನೊಳಗೆ ಹಾವಿನ ಹಾಗೆ ಹಿಂದೆಮುಂದೆ ಹರಿಯುವ ಬಲು ತೆಳುವಾದ ಲೋಹದ ಗೆರೆ ಇದೆ. ಲೋಹ ಹಿಗ್ಗಿದಾಗ ಅದರ ಜೊತೆಗೆ ಈ ಗೆರೆಯೂ ಉದ್ದವಾಗಿ ಸಣ್ಣದಾಗುತ್ತದೆ, ವಿದ್ಯುತ್ತಿಗೆ ಅದು ಒಡ್ಡುವ ತಡೆ ಏರುತ್ತದೆ. ಉದ್ದ ಎಷ್ಟು ಪಾಲು ಬದಲಾಯಿತೋ ಅದರ ಸುಮಾರು ಎರಡು ಪಟ್ಟು ತಡೆ ಬದಲಾಗುತ್ತದೆ. ಹಾಗಾಗಿ 350 ಓಂನ ಗೇಜ್ ಪೂರ್ತಿ ಭಾರದಲ್ಲಿ 350.7 ಓಂ ಆಗುತ್ತದೆ. ಬದಲಾವಣೆ ಅಷ್ಟೇ: ಮುಕ್ಕಾಲು ಓಂ ಕೂಡ ಇಲ್ಲ.

ಇಷ್ಟು ಸಣ್ಣ ಬದಲಾವಣೆಯನ್ನು ನಂಬಿ ವ್ಯಾಪಾರ ಮಾಡುವುದು ಹೇಗೆ? ಗೇಜನ್ನು ಸಾಮಾನ್ಯ ತಾಮ್ರದ ತಂತಿಯಲ್ಲಿ ಮಾಡಿದ್ದರೆ ಖಂಡಿತ ಆಗುತ್ತಿರಲಿಲ್ಲ. ಬಿಸಿಲು ಒಂದು ಡಿಗ್ರಿ ಏರಿದರೆ ತಾಮ್ರದ ತಡೆ ನೂರಕ್ಕೆ 0.39ರಷ್ಟು ಏರುತ್ತದೆ. ಪೂರ್ತಿ ಭಾರದ ಸುದ್ದಿಯೇ ನೂರಕ್ಕೆ 0.2. ಅಂದರೆ ಅಂಗಡಿಯ ಬಾಗಿಲಿಗೆ ಬಿಸಿಲು ಬಂದರೆ ಸಾಕು, ಖಾಲಿ ತಟ್ಟೆಯೇ ಎರಡು ಮೂಟೆಯ ತೂಕ ತೋರಿಸೀತು. ಅದಕ್ಕೇ ಗೇಜಿಗೆ ಕಾನ್‌ಸ್ಟಂಟನ್ ಎಂಬ ತಾಮ್ರ-ನಿಕ್ಕಲ್ ಮಿಶ್ರಲೋಹವನ್ನು ಬಳಸುತ್ತಾರೆ; ಶಾಖಕ್ಕೆ ಅದರ ತಡೆ ಹೆಚ್ಚುಕಡಿಮೆ ಅಲುಗುವುದಿಲ್ಲ. ಸಾಲದೆಂದು ಒಂದರ ಬದಲು ನಾಲ್ಕು ಗೇಜ್ ಅಂಟಿಸುತ್ತಾರೆ. ಎರಡು ಹಿಗ್ಗುವ ಜಾಗದಲ್ಲಿ, ಎರಡು ಕುಗ್ಗುವ ಜಾಗದಲ್ಲಿ. ನಾಲ್ಕನ್ನೂ ಪಿಯುಸಿಯ ಪುಸ್ತಕದಲ್ಲಿ ಬರುವ ವೀಟ್‌ಸ್ಟನ್ ಬ್ರಿಡ್ಜ್ ಆಗಿ ಜೋಡಿಸಿದರೆ, ಶಾಖ ನಾಲ್ವರಿಗೂ ಒಂದೇ ಥರ ತಾಗುವುದರಿಂದ ಲೆಕ್ಕದಲ್ಲಿ ಕಳೆದುಹೋಗುತ್ತದೆ; ಬಾಗು ಮಾತ್ರ ಉಳಿಯುತ್ತದೆ. ಆ ಅಲ್ಯೂಮಿನಿಯಂ ತುಂಡಿನ ಜೋಡಿ ತೂತಿನ ಗುಟ್ಟೂ ಇದೇ. ತೂತಿನ ಮೇಲೆ ಕೆಳಗೆ ಲೋಹ ತೆಳುವಾಗಿ, ಹಿಗ್ಗುವ ಕುಗ್ಗುವ ನಾಲ್ಕು ಜಾಗಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ತಟ್ಟೆಯ ಮೂಲೆಯಲ್ಲಿ ಇಟ್ಟರೂ ನಡುವೆ ಇಟ್ಟರೂ ತೂಕ ಒಂದೇ ಬರುವುದಕ್ಕೂ ಈ ಆಕಾರವೇ ಕಾರಣ.

ತಂತಿ ಎಳೆದರೆ ಅದರ ವಿದ್ಯುತ್ ತಡೆ ಬದಲಾಗುತ್ತದೆ ಎಂಬುದನ್ನು ಮೊದಲು ತೋರಿಸಿಕೊಟ್ಟವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು. 1856ರಲ್ಲಿ ಕಬ್ಬಿಣ ಮತ್ತು ತಾಮ್ರದ ತಂತಿಗಳಿಗೆ ತೂಕ ಕಟ್ಟಿ ನೋಡಿ ಅದನ್ನು ವರದಿ ಮಾಡಿದರು. ಅದು ಎಂಬತ್ತು ವರ್ಷ ಸುಮ್ಮನೆ ಕೂತಿತು. ಆಮೇಲೆ ಅಮೆರಿಕದ ಎರಡು ತುದಿಗಳಲ್ಲಿ ಇಬ್ಬರಿಗೆ, ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ, ಒಂದೇ ಉಪಾಯ ಹೊಳೆಯಿತು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ 1936ರಲ್ಲಿ ಎಡ್ವರ್ಡ್ ಸಿಮನ್ಸ್, ಬೋಸ್ಟನ್ ಕಡೆಯ ಎಂಐಟಿಯಲ್ಲಿ 1938ರಲ್ಲಿ ಆರ್ಥರ್ ರೂಜ್. ರೂಜ್‌ಗೆ ಬೇಕಿದ್ದದ್ದು ಭೂಕಂಪದಲ್ಲಿ ಎತ್ತರದ ನೀರಿನ ಟ್ಯಾಂಕಿಗೆ ಏನಾಗುತ್ತದೆ ಎಂದು ತಿಳಿಯುವುದು. ಮಾದರಿ ಟ್ಯಾಂಕಿನ ತೆಳು ಗೋಡೆಯ ಬಾಗನ್ನು ಅಳೆಯಲು ಆ ಕಾಲದ ಯಾವ ಸಾಧನವೂ ಒಗ್ಗಲಿಲ್ಲ, ಎಲ್ಲವೂ ಗೋಡೆಗಿಂತ ಭಾರ. ಕೊನೆಗೆ ಸಪೂರ ತಂತಿಯನ್ನೇ ಅಂಟಿಸಿಬಿಟ್ಟರು. ತಂತಿಗೆ ಗೋಂದು ಹಚ್ಚುವುದೇ ದೊಡ್ಡ ಶೋಧವೇ ಎಂದು ಈಗ ನಗು ಬರಬಹುದು. ಎಂಐಟಿಯವರಿಗೂ ಹಾಗೇ ಅನಿಸಿತೋ ಏನೋ, ಇದರಿಂದ ಹೇಳಿಕೊಳ್ಳುವಂಥ ವ್ಯಾಪಾರವಾಗದೆಂದು ಪೇಟೆಂಟ್ ಹಕ್ಕನ್ನು ರೂಜ್‌ಗೇ ಬಿಟ್ಟುಕೊಟ್ಟರು. ಕ್ಯಾಲ್‌ಟೆಕ್ ಅಷ್ಟು ಧಾರಾಳಿಯಾಗಿರಲಿಲ್ಲ. ಸಿಮನ್ಸ್ ಹಕ್ಕಿಗಾಗಿ ಕೋರ್ಟಿಗೆ ಹೋಗಬೇಕಾಯಿತು. 1949ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಎರಡನೇ ಮಹಾಯುದ್ಧದ ಕಾಲದ ವಿಮಾನಗಳ ರೆಕ್ಕೆಗೆ ಸಾವಿರಾರು ಸಂಖ್ಯೆಯಲ್ಲಿ ಅಂಟಿದ ಗೇಜಿನ ಹೆಸರು ಎಸ್‌ಆರ್-4. ಎಸ್ ಸಿಮನ್ಸ್‌ದು, ಆರ್ ರೂಜ್‌ದು. 1952ರಲ್ಲಿ ಇಂಗ್ಲೆಂಡಿನ ಸಾಂಡರ್ಸ್-ರೋ ಕಂಪನಿಯ ಪೀಟರ್ ಜಾಕ್ಸನ್, ತಂತಿಯ ಬದಲು ಲೋಹದ ತೆಳು ಹಾಳೆಯಿಂದ ಪ್ರಿಂಟೆಡ್ ಸರ್ಕ್ಯೂಟಿನ ವಿಧಾನದಲ್ಲಿ ಗೇಜ್ ಕೊರೆಯುವುದನ್ನು ತೋರಿಸಿದರು. ಇಂದಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿರುವುದು ಅದೇ ಹಾಳೆಯ ಗೇಜು.

ಇದರ ಚಿಕ್ಕಪ್ಪನ ಮಕ್ಕಳೂ ಇದ್ದಾರೆ. ಲೋಹದ ಬದಲು ಸಿಲಿಕಾನ್ ಬಳಸಿದರೆ ತಡೆಯ ಬದಲಾವಣೆ ಹಲವು ಹತ್ತು ಪಟ್ಟು ಹೆಚ್ಚು ಎಂದು 1954ರಲ್ಲಿ ಬೆಲ್ ಪ್ರಯೋಗಾಲಯದ ಸಿ.ಎಸ್. ಸ್ಮಿತ್ ತೋರಿಸಿದರು. ಮನೆಯಲ್ಲಿ ಅಪ್ಪಅಮ್ಮನ ಬಿ.ಪಿ. ನೋಡುವ ಯಂತ್ರದೊಳಗೆ ಒತ್ತಡ ಅಳೆಯುವುದು ಸಾಮಾನ್ಯವಾಗಿ ಆ ಜಾತಿಯ ಚಿಪ್ಪು. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ 1967ರಿಂದ ನಡೆಯುತ್ತಿರುವ 1.2 ಮೀಟರ್ ಗಾಳಿಸುರಂಗದಲ್ಲಿ ರಾಕೆಟ್ಟು, ವಿಮಾನಗಳ ಮಾದರಿಗಳ ಮೇಲೆ ಗಾಳಿ ಹಾಕುವ ಬಲವನ್ನು ಅಳೆಯುವುದೂ ಸ್ಟ್ರೇನ್ ಗೇಜ್ ಅಂಟಿಸಿದ ಉಕ್ಕಿನ ಕಡ್ಡಿಯೇ. ಅಲ್ಲಿನವರು ಅದನ್ನು ಲೋಡ್ ಸೆಲ್ ಎನ್ನುವುದಿಲ್ಲ, ಬ್ಯಾಲೆನ್ಸ್ ಎನ್ನುತ್ತಾರೆ.

ಬ್ಯಾಲೆನ್ಸ್ ಎಂಬ ಹೆಸರು ನಿಜಕ್ಕೂ ಸಲ್ಲಬೇಕಾದ್ದು ಹಳೆಯ ಕೈತಕ್ಕಡಿಗೆ. ಒಂದು ಪರಡಿಯಲ್ಲಿ ಬಟ್ಟು, ಇನ್ನೊಂದರಲ್ಲಿ ಬೆಲ್ಲ. ಎರಡು ವಸ್ತುಗಳ ಹೋಲಿಕೆ. ಭೂಮಿ ಎರಡನ್ನೂ ಒಂದೇ ಥರ ಸೆಳೆಯುವುದರಿಂದ ಎಲ್ಲಿ ತೂಗಿದರೂ ಉತ್ತರ ಒಂದೇ. ಲೋಡ್ ಸೆಲ್ ಹೋಲಿಸುವುದಿಲ್ಲ. ತನ್ನ ಮೇಲೆ ಬಿದ್ದ ಬಲವನ್ನಷ್ಟೇ ಹೇಳುತ್ತದೆ. ಭೂಮಿಯ ಸೆಳೆತ ಊರಿಂದೂರಿಗೆ ಬೇರೆ: ಲಂಡನ್ನಿನಲ್ಲಿ 9.81, ಬೆಂಗಳೂರಿನಲ್ಲಿ 9.78ರ ಆಸುಪಾಸು. ಲಂಡನ್ನಿನಲ್ಲಿ ಸರಿಮಾಡಿದ ತಕ್ಕಡಿಯನ್ನು ಹಾಗೇ ತಂದು ಇಲ್ಲಿಟ್ಟರೆ ನೂರು ಕಿಲೋಗೆ ಮುನ್ನೂರು ಗ್ರಾಂಗೂ ಮಿಕ್ಕಿ ಕಡಿಮೆ ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ, ಮೋಸವೂ ನಡೆದಿಲ್ಲ. ಯಂತ್ರವನ್ನು ಕೂರಿಸಿದ ಜಾಗದಲ್ಲೇ ಮುದ್ರೆಯಿರುವ ಬಟ್ಟು ಇಟ್ಟು ಸರಿಮಾಡಬೇಕು ಎಂಬ ನಿಯಮದ ಹಿಂದೆ ಇರುವ ಕಾರಣಗಳಲ್ಲಿ ಇದೂ ಒಂದು. ಹಾಗೆ ಮಾಡಿದ ಮೇಲೆ ಲೋಡ್ ಸೆಲ್ ಕೂಡ ಪರೋಕ್ಷವಾಗಿ ಆ ಬಟ್ಟಿನ ಜೊತೆ ಹೋಲಿಸಿಯೇ ಹೇಳಿದಂತಾಯಿತು.

ಕಿರಾಣಿ ಅಂಗಡಿಯ ತಕ್ಕಡಿಗೆ ಬರೋಣ. ಮುಂಭಾಗದಲ್ಲಿ ಒಂದು ಪುಟ್ಟ ಪಟ್ಟಿಯಿದೆ, ಯಾರೂ ಓದುವುದಿಲ್ಲ. ಮ್ಯಾಕ್ಸ್ 30 ಕೆ.ಜಿ., ಮಿನ್ 100 ಗ್ರಾಂ, ಯಂತ್ರ ಎಷ್ಟೆಷ್ಟರ ಹೆಜ್ಜೆಯಲ್ಲಿ ತೂಗುತ್ತದೆಂದು ಹೇಳುವ ಇ ಎಂಬ ಅಕ್ಷರದ ಮುಂದೆ 5 ಗ್ರಾಂ ಎಂದು ಬರೆದಿರುತ್ತದೆ. ಸರಳ ಲೆಕ್ಕಕ್ಕೆ, ಒಳಗಿನ ಸೆಲ್ಲಿಗೆ 5 ವೋಲ್ಟ್ ಕೊಟ್ಟಿದೆ, 30 ಕಿಲೋ ಭಾರಕ್ಕೆ ಅದು 10 ಮಿಲಿವೋಲ್ಟ್ ಹಿಂದಿರುಗಿಸುತ್ತದೆ ಎಂದುಕೊಳ್ಳಿ. ಆಗ 5 ಗ್ರಾಂಗೆ ಸಿಗುವುದು 2 ಮೈಕ್ರೋವೋಲ್ಟಿಗೂ ಕಡಿಮೆ, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲೂ ಇಲ್ಲ. ಅದನ್ನು ಎಣಿಸಬಲ್ಲ ಚಿಪ್ಪು ಈಗ ಎಸ್.ಪಿ. ರಸ್ತೆಯಲ್ಲಿ ಒಂದು ಮಸಾಲೆ ದೋಸೆಯ ಬೆಲೆಗೆ ಸಿಗುತ್ತದೆ ಎಂಬುದೇ ನನಗೆ ಈ ಇಡೀ ಕತೆಯಲ್ಲಿ ಅತಿ ದೊಡ್ಡ ಸೋಜಿಗ. ಆದರೂ ಎಲ್ಲದಕ್ಕೂ ಮಿತಿಯಿದೆ. ಆ ಮಿತಿಯನ್ನೇ ಪಟ್ಟಿಯಲ್ಲಿ ಬರೆದಿರುವುದು.

ಅಂಗಡಿಗಳಲ್ಲಿ ಬಳಸುವ ಮೂರನೇ ದರ್ಜೆಯ ಯಂತ್ರಕ್ಕೆ ಕನಿಷ್ಠ ತೂಕ ಇ-ಯ ಇಪ್ಪತ್ತು ಪಟ್ಟು. ಇ 5 ಗ್ರಾಂ ಆದರೆ ಅದರಲ್ಲಿ 100 ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ನಾವೋ ಅದೇ ತಕ್ಕಡಿಯಲ್ಲಿ 50 ಗ್ರಾಂ ಏಲಕ್ಕಿ ತೂಗಿಸಿಕೊಂಡು ಬರುತ್ತೇವೆ. ಹೊಸದಾಗಿ ಮುದ್ರೆ ಹಾಕುವಾಗಲೇ ಕೆಳಗಿನ ತೂಕಗಳಲ್ಲಿ ಎರಡೂವರೆ ಗ್ರಾಂ ಹೆಚ್ಚುಕಮ್ಮಿಗೆ ಅವಕಾಶವಿದೆ, ಬಳಕೆಗೆ ಬಂದ ಮೇಲೆ ಅದರ ಎರಡು ಪಟ್ಟು. 50 ಗ್ರಾಂನಲ್ಲಿ 5 ಗ್ರಾಂ ಎಂದರೆ ಹತ್ತನೇ ಒಂದು ಪಾಲು. ಅಕ್ಕಿ ಮೂಟೆಗೆ ಅದು ಲೆಕ್ಕಕ್ಕಿಲ್ಲ, ಏಲಕ್ಕಿಯ ಬೆಲೆಗೆ ಲೆಕ್ಕವೇ. ಅಂಗಡಿಯವರು ಪ್ರಾಮಾಣಿಕರು, ಸೆಲ್ ಸರಿಯಾಗಿದೆ, ಮುದ್ರೆ ಹಾಲಿ ವರ್ಷದ್ದೇ. ಆದರೂ ತೂಕ ನಂಬುವಂಥದ್ದಲ್ಲ. ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯ ತಕ್ಕಡಿ ಬೇರೆ ದರ್ಜೆಯದು. ಮಿಲಿಗ್ರಾಂ ತೂಗುವ ಒಳ್ಳೆಯ ತಕ್ಕಡಿಗಳಲ್ಲಿ ಬಾಗುವ ಲೋಹದ ಬದಲು, ಭಾರವನ್ನು ಅಯಸ್ಕಾಂತದ ಬಲದಿಂದ ಎತ್ತಿ ಹಿಡಿದು ಅದಕ್ಕೆ ಎಷ್ಟು ಕರೆಂಟ್ ಬೇಕಾಯಿತೆಂದು ನೋಡುವ ವಿಧಾನ ಇರುತ್ತದೆ.

ಇನ್ನೊಂದು ಚಮತ್ಕಾರವಿದೆ, ಇದು ಸೆಲ್ಲಿನದಲ್ಲ, ಇಂಡಿಕೇಟರಿನದು. ಶಾಖ, ಧೂಳುಗಳಿಂದ ಸೊನ್ನೆ ನಿಧಾನಕ್ಕೆ ಜಾರುತ್ತಿದ್ದರೆ ಇಂಡಿಕೇಟರ್ ತಾನಾಗಿ ಅದನ್ನು ಸೊನ್ನೆಗೆ ಎಳೆದುಕೊಳ್ಳುತ್ತದೆ. ಖಾಲಿ ತಟ್ಟೆಗೆ ಜೀರಿಗೆಯನ್ನು ಚಿಟಿಕೆ ಚಿಟಿಕೆಯಾಗಿ ಬಹಳ ನಿಧಾನಕ್ಕೆ ಉದುರಿಸುತ್ತ ಹೋದರೆ, ಯಂತ್ರ ಅದನ್ನೂ ಧೂಳೆಂದೇ ತಿಳಿದು ಸ್ವಲ್ಪ ಹೊತ್ತು ಸೊನ್ನೆಯನ್ನೇ ತೋರಿಸುತ್ತಿರಬಹುದು. ಒಂದೇ ಸಲ ಸುರಿದರೆ ಈ ಆಟ ನಡೆಯುವುದಿಲ್ಲ.

ದೊಡ್ಡ ಜಗಳಗಳೆಲ್ಲ ಇರುವುದು ಲಾರಿಗಳನ್ನೇ ತೂಗುವ ವೇಬ್ರಿಡ್ಜಿನಲ್ಲಿ. ಮಂಡ್ಯದಿಂದ ಬೆಳಗಾವಿಯವರೆಗೆ ಕಬ್ಬು ಬೆಳೆಯುವವರ ಹಳೆಯ ದೂರು ಒಂದೇ: ತೂಕದಲ್ಲಿ ಹೊಡೆತ. ಹೊರಗೆ ತೂಗಿದರೆ ಒಂದು, ಫ್ಯಾಕ್ಟರಿಯಲ್ಲಿ ಇನ್ನೊಂದು. ಅನುಮಾನ ಮೊದಲು ಹೋಗುವುದು ‘ಸೆನ್ಸರ್’ ಮೇಲೆ. ನನ್ನ ಅಭಿಪ್ರಾಯದಲ್ಲಿ ಆ ಇಡೀ ಏರ್ಪಾಟಿನಲ್ಲಿ ಕೊನೆಗೆ ಅನುಮಾನಪಡಬೇಕಾದ್ದು ಸೆಲ್ಲನ್ನು. ಅದಕ್ಕೆ ಮುಖ ನೋಡಿ ಮಣೆ ಹಾಕಲು ಬರುವುದಿಲ್ಲ. ತನ್ನ ಮೈ ಎಷ್ಟು ಬಾಗಿತು ಎಂಬುದೊಂದೇ ಅದಕ್ಕೆ ಗೊತ್ತು. ಕೆಟ್ಟರೂ ಸಾಮಾನ್ಯವಾಗಿ ಬೊಬ್ಬೆ ಹೊಡೆದೇ ಕೆಡುತ್ತದೆ, ಅಂಕಿ ನಿಲ್ಲದೆ ಓಡುತ್ತದೆ, ಇಲ್ಲವೇ ಸೊನ್ನೆಗೆ ಬರುವುದೇ ಇಲ್ಲ.

ಗಾಡಿ ನಿಲ್ಲುವ ಪ್ಲಾಟ್‌ಫಾರ್ಮಿನ ಕೆಳಗೆ ನಾಲ್ಕೋ ಆರೋ ಎಂಟೋ ಸೆಲ್‌ಗಳಿರುತ್ತವೆ. ಎಲ್ಲದರ ತಂತಿಯೂ ಜಂಕ್ಷನ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಸೇರಿ, ಅಲ್ಲಿಂದ ಒಂದೇ ಕೇಬಲ್ ಆಗಿ ಕ್ಯಾಬಿನ್ನಿನ ಇಂಡಿಕೇಟರಿಗೆ ಹೋಗುತ್ತದೆ. ನಿಜವಾದ ತಂಟೆಗಳು ಈ ದಾರಿಯಲ್ಲಿವೆ. ಮಳೆಗಾಲದಲ್ಲಿ ಬಾಕ್ಸಿಗೆ ನೀರಿಳಿಯುತ್ತದೆ. ಇಲಿ ಕೇಬಲ್ ಕಡಿಯುತ್ತದೆ. ಸಿಡಿಲು ಹತ್ತಿರ ಬಿದ್ದರೆ ಎರಡು ಸೆಲ್ ಒಟ್ಟಿಗೆ ಸಾಯುತ್ತವೆ. ಪ್ಲಾಟ್‌ಫಾರ್ಮಿಗೂ ಗುಂಡಿಯ ಗೋಡೆಗೂ ನಡುವೆ ಜಲ್ಲಿಕಲ್ಲೋ ಕಬ್ಬಿನ ತುಂಡೋ ಸಿಕ್ಕಿಕೊಂಡರೆ ಭಾರದ ಒಂದು ಪಾಲು ಗೋಡೆಗೆ ಹೋಗಿ, ಸೆಲ್ ಕಂಡದ್ದನ್ನಷ್ಟೇ ಹೇಳುತ್ತದೆ, ತೂಕ ಕಡಿಮೆ. ಲಾರಿಯ ಬಾಡಿ ಮುರಿದಿದೆಯೆಂದು ಪ್ಲಾಟ್‌ಫಾರ್ಮಿನ ಮೇಲೆಯೇ ವೆಲ್ಡಿಂಗ್ ಮಾಡಿಸಿದರಂತೂ ಮುಗಿಯಿತು. ವೆಲ್ಡಿಂಗಿನ ಕರೆಂಟ್ ನೆಲಕ್ಕಿಳಿಯಲು ಸೆಲ್ಲಿನ ಮೂಲಕವೇ ದಾರಿ ಹುಡುಕಿಕೊಂಡರೆ, ಕೂದಲಿಗಿಂತ ತೆಳುವಾದ ಆ ಗೇಜಿನ ಗೆರೆ ಉಳಿಯುವುದಿಲ್ಲ. ವೇಬ್ರಿಡ್ಜ್ ಕೂರಿಸುವವರು ಮೊದಲ ದಿನವೇ ಹೇಳಿ ಹೋಗುವ ಎಚ್ಚರಿಕೆ ಇದು.

ಮೋಸ ನಡೆಯುವುದಾದರೂ ಸೆಲ್ಲಿನಾಚೆಗೇ. ಜಂಕ್ಷನ್ ಬಾಕ್ಸಿಗೂ ಇಂಡಿಕೇಟರಿಗೂ ನಡುವೆ ರಿಮೋಟಿನಿಂದ ಆಡಿಸುವ ಚಿಪ್ಪು ಸೇರಿಸುವುದು, ಇಂಡಿಕೇಟರಿನ ಸೀಲ್ ಬಿಚ್ಚಿ ಲೆಕ್ಕವನ್ನೇ ತಿರುಚುವುದು. ಕಾನೂನು ಮಾಪನ ಇಲಾಖೆಯವರು ಸೀಸದ ಮುದ್ರೆ ಹಾಕುವುದು ಇಂಥ ಕಡೆಗಳಿಗೆ. ರೈತರಿಗೆ ನೋಡಲು ಸುಲಭವಾದದ್ದು ಇನ್ನೊಂದಿದೆ. ಒಂದೇ ತೂಕವನ್ನು ಪ್ಲಾಟ್‌ಫಾರ್ಮಿನ ನಾಲ್ಕು ಮೂಲೆಗಳಲ್ಲೂ ಇಟ್ಟರೆ ಅಂಕಿ ಒಂದೇ ಬರಬೇಕು. ಬರದಿದ್ದರೆ ‘ಕಾರ್ನರ್ ಬರ್ತಿಲ್ಲ’ ಎನ್ನುತ್ತಾರೆ ಈ ಕಸುಬಿನವರು. ಬಾಕ್ಸಿನೊಳಗಿನ ಪುಟ್ಟ ತಿರುಪುಗಳಿಂದ ಪ್ರತಿ ಸೆಲ್ಲಿನ ಪಾಲನ್ನೂ ಸಮಮಾಡುವುದು ಅವರ ಕೆಲಸ. ಗಾಡಿ ಮುಂದೆ ನಿಂತರೊಂದು, ಹಿಂದೆ ಸರಿದರೊಂದು ತೂಕ ಬಂದರೆ ಜಗಳಕ್ಕೆ ಅಷ್ಟು ಸಾಕು ಆಧಾರ.

ಇಷ್ಟೆಲ್ಲ ಸರಿಯಿದ್ದೂ ತೂಕ ತಪ್ಪುವ ದಾರಿಗಳಿವೆ. ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ತರುವುದು ನಮ್ಮಲ್ಲಿ ಮಾಮೂಲು. ಪ್ಲಾಟ್‌ಫಾರ್ಮ್ ಅದಕ್ಕಿಂತ ಗಿಡ್ಡವಾದರೆ ಎರಡು ಸಲ ತುಂಡುತುಂಡಾಗಿ ತೂಗಿ ಕೂಡಿಸುತ್ತಾರೆ. ಹೊರಗೆ ಇಳಿಜಾರಿನಲ್ಲಿ ನಿಂತ ಭಾಗ ಕೊಂಡಿಯ ಮೂಲಕ ಒಳಗಿನದನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ. ಕೂಡಿಸಿದ ಮೊತ್ತ ನಿಜದ್ದಾಗುವುದಿಲ್ಲ. ಆಮೇಲೆ ಖಾಲಿ ಗಾಡಿಯ ತೂಕದ ಪ್ರಶ್ನೆ. ರೈತನ ಚೀಟಿಯಲ್ಲಿ ಬರುವುದು ಭರ್ತಿ ತೂಕದಿಂದ ಖಾಲಿ ತೂಕ ಕಳೆದದ್ದು. ಭರ್ತಿಯಲ್ಲಿ ತೂಗುವಾಗ ಡ್ರೈವರ್ ಇಳಿದಿದ್ದು ಖಾಲಿಯಲ್ಲಿ ಸೀಟಿನ ಮೇಲೇ ಇದ್ದರೆ ಅರವತ್ತೆಪ್ಪತ್ತು ಕಿಲೋ ಹೋಯಿತು. ನಡುವೆ ಡೀಸೆಲ್ ತುಂಬಿಸಿದ್ದರೆ, ಯಾರ್ಡಿನ ಕೆಸರು ಚಕ್ರಕ್ಕೆ ಮೆತ್ತಿದ್ದರೆ ಅದೂ ರೈತನ ಲೆಕ್ಕದಿಂದಲೇ. ಆ ಗಾಡಿಯದು ಮೊನ್ನೆಯದೇ ಖಾಲಿ ತೂಕ ಹಾಕಿಕೊಳ್ಳಿ ಎಂದು ಆತುರಕ್ಕೆ ಒಪ್ಪಿದರೆ ಇವೆಲ್ಲ ಒಟ್ಟಿಗೆ ಸೇರಿಕೊಳ್ಳುತ್ತವೆ. ಸೋಗೆ, ಕಸದ ಕಡಿತ ಇದರ ಮೇಲೆ ಬೇರೆ. ಕಡಿದ ಕಬ್ಬಂತೂ ಗೇಟಿನ ಹೊರಗೆ ಸಾಲಿನಲ್ಲಿ ನಿಂತಷ್ಟು ಹೊತ್ತೂ ಬಿಸಿಲಿಗೆ ಒಣಗುತ್ತ ಹಗುರವಾಗುತ್ತಲೇ ಇರುತ್ತದೆ. ಗಾಡಿ ಪ್ಲಾಟ್‌ಫಾರ್ಮ್ ಹತ್ತುವ ಹೊತ್ತಿಗೆ ಹೊಲದಲ್ಲಿದ್ದ ತೂಕ ಅದರಲ್ಲಿ ಉಳಿದಿರುವುದಿಲ್ಲ.